ಸಭೆಯ ಸೇವೆಗೆ ಊರಿನ ಕೈ: ಯಾರ ಹತ್ತಿರ ಏನು ಕೇಳಬೇಕು?

ಚರ್ಚ್ ಕಮಿಟಿ ಮೀಟಿಂಗಿನಲ್ಲಿ ಈ ಮಾತು ಬಂದೇ ಬರುತ್ತದೆ. ಮಕ್ಕಳಿಗೆ ಸಂಜೆ ಪಾಠ ಶುರು ಮಾಡೋಣ, ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋಗಿ ಬರೋಣ, ಕಷ್ಟದಲ್ಲಿರುವ ಮನೆಗಳಿಗೆ ರೇಷನ್ ಕಿಟ್ ಕೊಡೋಣ ಎಂದು ಎಲ್ಲರೂ ಹುರುಪಿನಿಂದ ಹೇಳುತ್ತಾರೆ. ಖಜಾಂಚಿ ಲೆಕ್ಕದ ಪುಸ್ತಕ ತೆಗೆದ ಕೂಡಲೇ ಸುಮ್ಮನಾಗುತ್ತಾರೆ. ಭಾನುವಾರದ ಕಾಣಿಕೆ ಸಭಾಪಾಲಕರ (ಪಾಸ್ಟರ್) ಸಂಬಳ, ಕರೆಂಟ್ ಬಿಲ್, ಚಾವಣಿ ರಿಪೇರಿ ಇಷ್ಟಕ್ಕೇ ಸರಿಹೋಗುತ್ತದೆ.

ಆಗ ಯಾರೋ ಒಬ್ಬರು "ಹೊರಗೆ ಕೇಳೋಣ" ಅನ್ನುತ್ತಾರೆ. ಹೊರಗೆ ಅಂದರೆ ಎಲ್ಲಿ? ಎದುರಿನ ಕಿರಾಣಿ ಅಂಗಡಿಯಲ್ಲೋ, ದುಬೈನಲ್ಲಿರುವ ಊರಿನ ಹುಡುಗರ ಹತ್ತಿರವೋ, ಕಂಪನಿಗಳು ಸಮಾಜದ ಕೆಲಸಕ್ಕೆ ಹಣ ಕೊಡುವ ಸಿಎಸ್‌ಆರ್ ವಿಭಾಗದಲ್ಲೋ, ಇಲ್ಲ ಹಾಲ್ ಬಾಡಿಗೆಗೆ ಕೊಟ್ಟು ನಾವೇ ದುಡಿಯೋಣವೋ? ಇತ್ತೀಚೆಗೆ ಈ ಗೊಂದಲದಲ್ಲೇ ಹಲವರು ಬರೆದು ಕೇಳಿದ್ದೀರಿ. ಕೆಲವರದು ನಲವತ್ತು ಮನೆಯವರು ಸೇರುವ ಹಳ್ಳಿ ಸಭೆ, ಅಂದರೆ ಸಣ್ಣ ಚರ್ಚು. ಕೆಲವರದು ಬೆಂಗಳೂರಿನ ದೊಡ್ಡ ಧರ್ಮಕೇಂದ್ರ, ಅಂದರೆ ಕೆಥೋಲಿಕರ ಪ್ಯಾರಿಷ್. ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆದರೆ ಅಳೆಯುವ ಕೋಲು ಒಂದೇ ಆಗಬಹುದು.

ಯಾರ ಹತ್ತಿರ ಜಾಸ್ತಿ ಹಣ ಇದೆ ಎಂದು ಮೊದಲು ನೋಡಬೇಡಿ. ಕೊಟ್ಟವರು ತಿರುಗಿ ಏನು ಕೇಳುತ್ತಾರೆ, ಅದನ್ನು ಕೊಡಲು ನಿಮ್ಮಿಂದ ಆಗುತ್ತದಾ, ಅದನ್ನು ನೋಡಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಮೊದಲು ಕೇಳಿಕೊಳ್ಳಬೇಕಾದದ್ದು

ಎಲ್ಲಕ್ಕಿಂತ ಮುಂಚೆ ಒಂದು ಗೆರೆ ಎಳೆಯಿರಿ. ಆರಾಧನೆ, ಸುವಾರ್ತಾ ಕೂಟ, ಬೈಬಲ್ ತರಗತಿ ಇವೆಲ್ಲ ಸಭೆಯ ಸ್ವಂತ ಕೆಲಸ. ಪಾಠ, ಊಟ, ಔಷಧ, ಕುಡಿಯುವ ನೀರು ಇವು ಊರಿನ ಎಲ್ಲರಿಗೂ ಸೇರಿದ ಕೆಲಸ. ಮೊದಲನೆಯದರ ಖರ್ಚು ಸಭೆಯವರೇ ಹೊರಬೇಕು, ಎರಡನೆಯದಕ್ಕೆ ಮಾತ್ರ ಊರಿನ ಮುಂದೆ ಕೈ ಚಾಚಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇದನ್ನು ಒಪ್ಪದವರು ಇದ್ದಾರೆ, ಎಲ್ಲವೂ ದೇವರ ಕೆಲಸವೇ ತಾನೆ ಅನ್ನುತ್ತಾರೆ. ಇರಬಹುದು. ಆದರೆ ಪಕ್ಕದ ಮನೆಯವರು ಮಕ್ಕಳ ಪಾಠಕ್ಕೆಂದು ಕೊಟ್ಟ ಐನೂರು ರೂಪಾಯಿ ಕರಪತ್ರಕ್ಕೆ ಹೋಯಿತು ಎಂದು ಗೊತ್ತಾದರೆ ಅವರು ಮತ್ತೆ ನಿಮ್ಮ ಗೇಟಿನ ಒಳಗೆ ಬರುವುದಿಲ್ಲ. ಮತಾಂತರದ ಗುಮಾನಿ ಎಷ್ಟು ಬೇಗ ಹಬ್ಬುತ್ತದೆ ಎಂದು ಕರ್ನಾಟಕದಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾಠದ ಕೊನೆಯಲ್ಲಿ ಪ್ರಾರ್ಥನೆ ಮಾಡಿಸುತ್ತೀರಾ? ಹಾಗಿದ್ದರೆ ತಂದೆತಾಯಿಗೂ ದಾನಿಗಳಿಗೂ ಮೊದಲೇ ಹೇಳಿ. ಹೇಳಲು ಮುಜುಗರ ಆಗುತ್ತದೆ ಅಂದರೆ ಮಾಡಿಸಬೇಡಿ.

ಗೆರೆ ಎಳೆದ ಮೇಲೆ ಪ್ರತಿ ದಾರಿಗೂ ಐದು ಪ್ರಶ್ನೆ ಹಾಕಿ. ಈ ಖರ್ಚು ಒಂದು ಸಲದ್ದೋ, ಪ್ರತಿ ತಿಂಗಳದ್ದೋ? ಕೊಟ್ಟವರು ತಿರುಗಿ ಏನು ಬಯಸುತ್ತಾರೆ: ರಸೀದಿಯೋ, ಫೋಟೊವೋ, ಬ್ಯಾನರಿನಲ್ಲಿ ಹೆಸರೋ, ತೀರ್ಮಾನದಲ್ಲಿ ಪಾಲೋ? ಕಾಗದಪತ್ರದ ಕೆಲಸ ಎಷ್ಟು, ಅದನ್ನು ಮಾಡುವ ಮನುಷ್ಯ ನಿಮ್ಮಲ್ಲಿ ಇದ್ದಾನಾ? ಈ ದಾರಿಯಿಂದ ನೆರೆಹೊರೆಯವರು ಹತ್ತಿರ ಬರುತ್ತಾರಾ, ದೂರ ಹೋಗುತ್ತಾರಾ? ನಾಳೆ ಅದು ನಿಂತುಹೋದರೆ ಕೆಲಸವೂ ನಿಲ್ಲುತ್ತದಾ? ಕೊನೆಯ ಪ್ರಶ್ನೆಯನ್ನು ಕಮಿಟಿಗಳು ಸಾಮಾನ್ಯವಾಗಿ ಕೇಳುವುದೇ ಇಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂವತ್ತು ಮಕ್ಕಳಿಗೆ ಸಂಜೆ ಪಾಠ. ಪಾಠ ಹೇಳುವವರಿಗೆ ತಿಂಗಳಿಗೆ ₹6,000. ಬೇಯಿಸಿದ ಕಡಲೆಯೋ ಬಾಳೆಹಣ್ಣೋ, ಮಗುವಿಗೆ ₹8ರಂತೆ 22 ದಿನಕ್ಕೆ ₹5,280. ಪುಸ್ತಕ, ಪೆನ್ಸಿಲು, ಸೀಮೆಸುಣ್ಣಕ್ಕೆ ಏಳುನೂರು. ಒಟ್ಟು ₹12,000 ಹತ್ತಿರ. ಈ ಹನ್ನೆರಡು ಸಾವಿರವನ್ನು ಎಲ್ಲಿಂದ ತರಬೇಕು?

ಸಭೆಯವರ ಕಾಣಿಕೆ

ಹೊರಗೆ ಕೇಳುವ ಮುಂಚೆ ಒಳಗೆ ನೋಡಬೇಕು, ಅದಕ್ಕೇ ಇದು ಮೊದಲು. ನಲವತ್ತು ಮನೆಯವರು ತಿಂಗಳಿಗೆ ನೂರು ರೂಪಾಯಿ ಕೊಟ್ಟರೆ ನಾಲ್ಕು ಸಾವಿರ ಆಯಿತು. ಪೂರ್ತಿ ಖರ್ಚಿಗೆ ಸಾಲದು. ಆದರೆ ಹೊರಗಿನವರು ಮೊದಲು ಕೇಳುವುದೇ "ನೀವೆಷ್ಟು ಹಾಕಿದ್ದೀರಿ?" ಎಂದು. ಆಗ ಹೇಳಲು ಒಂದು ಉತ್ತರ ಇರುತ್ತದೆ.

ಹಣ ಇಲ್ಲದವರೂ ಕೊಡಬಹುದು ಅನ್ನುವುದಕ್ಕೆ ಮಿಜೋರಾಂ ಕಡೆ ನೋಡಿ. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ 1910ರಿಂದ 'ಬುಹ್‌ಫೈ ಥಾಮ್' ಎಂಬ ಪದ್ಧತಿ ಇದೆ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಹೆಂಗಸರು ಒಂದು ಹಿಡಿ ತೆಗೆದಿಡುತ್ತಾರೆ. ಅದನ್ನು ಮನೆಮನೆಯಿಂದ ಸೇರಿಸಿ, ಮಾರಿ, ಸಭೆಯ ಕೆಲಸಕ್ಕೆ ಬಳಸುತ್ತಾರೆ. ನೂರು ವರ್ಷ ದಾಟಿದರೂ ನಿಂತಿಲ್ಲ. ನಮ್ಮ ಸ್ತ್ರೀಯರ ಕೂಟಗಳು ಇದನ್ನು ರೇಷನ್ ಕಿಟ್ ಕೆಲಸಕ್ಕೆ ಸೊಗಸಾಗಿ ಹೊಂದಿಸಿಕೊಳ್ಳಬಹುದು, ಅಕ್ಕಿ ಮಾರುವ ಅಗತ್ಯವೂ ಬೀಳುವುದಿಲ್ಲ.

ನೆರೆಹೊರೆಯವರ ಸಮಯ ಮತ್ತು ಸಾಮಾನು

ನನಗೆ ತುಂಬ ಇಷ್ಟವಾದ ದಾರಿ ಇದು. ತುಂಬ ಜನ ಬಿಟ್ಟುಬಿಡುವ ದಾರಿಯೂ ಇದೇ. ನಾವು ಸಂಪನ್ಮೂಲ ಅಂದರೆ ದುಡ್ಡು ಅಂದುಕೊಳ್ಳುತ್ತೇವೆ. ಆದರೆ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಅರ್ಧ ಖರ್ಚು ತಿಂಡಿಯದು, ಇನ್ನರ್ಧ ಪಾಠ ಹೇಳುವವರದು. ಬೀದಿಯಲ್ಲಿ ಇಪ್ಪತ್ತೆರಡು ಮನೆಯವರು ತಿಂಗಳಿಗೆ ಒಂದೊಂದು ದಿನದ ತಿಂಡಿ ಹೊತ್ತುಕೊಂಡರೆ ಒಂದು ಮನೆಗೆ ಬೀಳುವುದು ₹240. ಮಗನ ಹುಟ್ಟುಹಬ್ಬ, ಅಜ್ಜಿಯ ತಿಥಿ, ಮದುವೆಯ ದಿನ ಎಂದು ನೆಪ ಸಿಕ್ಕರೆ ಜನ ಸಂತೋಷದಿಂದ ಕೊಡುತ್ತಾರೆ. ದಾನ ಕೇಳಿದರೆ ಮುಖ ತಿರುಗಿಸುವವರು ಕೂಡ "ಗುರುವಾರದ ಬಾಳೆಹಣ್ಣು ನಿಮ್ಮದು" ಅಂದರೆ ಒಪ್ಪುತ್ತಾರೆ. ಇನ್ನು ನಿವೃತ್ತ ಮೇಷ್ಟ್ರು, ಬಿಎಡ್ ಓದುವ ಹುಡುಗಿ, ಗಣಿತ ಚೆನ್ನಾಗಿ ಬರುವ ಬ್ಯಾಂಕ್ ನೌಕರರು ವಾರಕ್ಕೆ ಒಂದು ಸಂಜೆ ಬಂದರೆ ಸಂಬಳದ ಖರ್ಚು ಅರ್ಧಕ್ಕೆ ಇಳಿಯುತ್ತದೆ.

ಅವರು ತಿರುಗಿ ಏನು ಕೇಳುತ್ತಾರೆ? ಗೌರವ, ಅಷ್ಟೇ. ತಮ್ಮನ್ನು ಬರೀ ಕೈಕೆಲಸಕ್ಕೆ ಬಳಸಿಕೊಳ್ಳಬಾರದು, ತಮ್ಮ ಮಾತಿಗೂ ಬೆಲೆ ಇರಬೇಕು. ಅದಕ್ಕೇ ಈ ಕೆಲಸಕ್ಕೆ ಪ್ರತ್ಯೇಕ ಸೇವಾ ಸಮಿತಿ ಮಾಡಿ, ಅದರಲ್ಲಿ ಸಭೆಗೆ ಸೇರದ ಇಬ್ಬರನ್ನಾದರೂ ಕೂರಿಸಿ. ಒಬ್ಬರು ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು ಇದ್ದರಂತೂ ಅರ್ಧ ಗುಮಾನಿ ತಾನಾಗಿಯೇ ಹೋಗುತ್ತದೆ. ಸಭೆಯ ಆಡಳಿತ ನಿಮ್ಮ ಕೈಯಲ್ಲೇ ಇರಲಿ, ಪಾಠದ ವೇಳಾಪಟ್ಟಿ ಅವರ ಕೈಯಲ್ಲಿ ಇರಲಿ.

ಹಾಗಂತ ಇದು ಸುಲಭ ಅಲ್ಲ. ಹಣ ಖಾತೆಗೆ ಬಂದು ಬೀಳುತ್ತದೆ, ಜನರನ್ನು ಮಾತ್ರ ದಿನಾ ಮಾತನಾಡಿಸಬೇಕು. ಪರೀಕ್ಷೆ ಕಾಲದಲ್ಲಿ ಕಾಲೇಜು ಹುಡುಗರು ಬರುವುದಿಲ್ಲ. ಕೊಯ್ಲಿನ ಕಾಲದಲ್ಲಿ ಹಳ್ಳಿಯವರು ಬರುವುದಿಲ್ಲ. ಯಾರು ಯಾವತ್ತು ಬರುತ್ತಾರೆ ಎಂದು ವಾಟ್ಸಾಪಿನಲ್ಲಿ ಬೆನ್ನು ಹತ್ತುವ ಒಬ್ಬ ಮನುಷ್ಯ ಬೇಕೇ ಬೇಕು, ಅವರಿಗೆ ಸಣ್ಣ ಗೌರವಧನ ಕೊಟ್ಟರೂ ತಪ್ಪಿಲ್ಲ. ಮಕ್ಕಳ ಜೊತೆ ಕೆಲಸ ಮಾಡುವ ಸ್ವಯಂಸೇವಕರು, ಸಭೆಯವರಾದರೂ ಹೊರಗಿನವರಾದರೂ, ಗುರುತಿನ ಚೀಟಿ ಕೊಡಬೇಕು. ಮಗುವಿನ ಜೊತೆ ಒಬ್ಬರೇ ಕೋಣೆಯಲ್ಲಿ ಇರಬಾರದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಏನು ಹೇಳುತ್ತದೆ ಎಂದು ಎಲ್ಲರನ್ನೂ ಕೂರಿಸಿ ಒಮ್ಮೆ ತಿಳಿಸಿ. "ಅಯ್ಯೋ, ಅವರು ನಮಗೆ ಗೊತ್ತಿರೋರೇ" ಎಂದು ಇದನ್ನು ಬಿಡಬೇಡಿ.

ಸುಗ್ಗಿ ಹಬ್ಬ, ಜಾತ್ರೆ, ಹರಾಜು

ಚರ್ಚಿನ ಸುಗ್ಗಿ ಹಬ್ಬದ ದಿನ ಕಾಣಿಕೆಯಾಗಿ ಬಂದ ಕುಂಬಳಕಾಯಿಯೊಂದು ಅಂಗಡಿಯ ಬೆಲೆಯ ಹತ್ತು ಪಟ್ಟಿಗೆ ಹರಾಜಾಗುವುದನ್ನು ನೋಡದ ಸಭೆಯವರು ಕಡಿಮೆ. ಹಬ್ಬಕ್ಕೆ ಊರಿನವರನ್ನೂ ಕರೆಯುವುದು ನಮ್ಮಲ್ಲಿ ಹೊಸದೇನಲ್ಲ. ಕಾರ್ಕಳದ ಹತ್ತಿರದ ಅತ್ತೂರಿನ ಚರ್ಚಿಗೆ, ಮೈಸೂರು ಜಿಲ್ಲೆಯ ದೋರನಹಳ್ಳಿಯ ಚರ್ಚಿಗೆ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರೇ ನಾಲ್ವಡಿ ಕೃಷ್ಣರಾಜ ಒಡೆಯರ್.

ಒಂದು ದಿನದ ಮೇಳದಿಂದ ಒಂದು ಸಲದ ಖರ್ಚು ಚೆನ್ನಾಗಿ ತೂಗುತ್ತದೆ. ಗಾಲಿಕುರ್ಚಿ, ಹೊಲಿಗೆ ಯಂತ್ರ, ಪಾಠದ ಕೋಣೆಗೆ ಬೆಂಚು ಇಂಥವಕ್ಕೆ ಸರಿ. ತಿಂಗಳ ಸಂಬಳಕ್ಕೆ ಇದನ್ನು ನಂಬಬೇಡಿ. ಮಳೆ ಬಂದರೆ ಮುಗಿಯಿತು. ಇನ್ನೊಂದು ತೊಂದರೆ, ಮೇಳಕ್ಕೆ ದುಡಿಯುವವರು ಪ್ರತಿ ವರ್ಷ ಅದೇ ಹತ್ತು ಜನ. ಶಾಮಿಯಾನ, ಸೌಂಡ್, ಊಟದ ಖರ್ಚು ಕಳೆದು ಉಳಿದದ್ದೆಷ್ಟು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಕೆಲವು ಕಡೆ ಒಟ್ಟು ವಸೂಲಿಯನ್ನೇ ಘೋಷಿಸಿ ಚಪ್ಪಾಳೆ ಹೊಡೆಸುತ್ತಾರೆ, ಖರ್ಚಿನ ಪಟ್ಟಿ ಆಮೇಲೆ ಬರುತ್ತದೆ. ಆದರೂ ಹಣಕ್ಕಿಂತ ಪರಿಚಯಕ್ಕಾಗಿ ಮೇಳ ಮಾಡಿ ಎಂದು ಹೇಳುತ್ತೇನೆ. ಅಂದು ಬಂದವರ ಹೆಸರು, ಫೋನ್ ನಂಬರ್ ಅವರ ಒಪ್ಪಿಗೆಯಿಂದ ಬರೆದಿಟ್ಟುಕೊಂಡರೆ ತಿಂಡಿಯ ಪಟ್ಟಿಗೆ ಬೇಕಾದ ಇಪ್ಪತ್ತೆರಡು ಮನೆ ಅಲ್ಲೇ ಸಿಗುತ್ತವೆ.

ನಾವೇ ದುಡಿಯುವುದು: ಹಾಲ್, ಅಂಗಡಿ, ಉದ್ಯಮ

ಈ ದಾರಿಗೆ ಕರಾವಳಿಯಲ್ಲಿ ದೊಡ್ಡ ಇತಿಹಾಸವೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ನೇಯ್ಗೆ ಶುರು ಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು. ಜಾತಿ ಬಿಟ್ಟು ಕ್ರೈಸ್ತರಾಗಿ ಬಂದವರಿಗೆ ಊರಿನಲ್ಲಿ ಕೆಲಸ ಸಿಗುತ್ತಿರಲಿಲ್ಲ, ಅವರ ಹೊಟ್ಟೆಪಾಡಿಗೆ ಒಂದು ದಾರಿ ಬೇಕಿತ್ತು. ಆ ಹೆಂಚು ಇವತ್ತಿಗೂ ಹಳೆಯ ಮನೆಗಳ ಮೇಲೆ ಇದೆ. ಆದರೆ ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಆ ಉದ್ಯಮಗಳನ್ನು ವಶಪಡಿಸಿಕೊಂಡಿತು, ಮಿಷನ್‌ನ ಕೈಯಿಂದ ಅವು ಹೋದವು. ಅದೇ ಊರಿನಲ್ಲಿ ಜರ್ಮನ್ ಜೆಸ್ವಿಟ್ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿದರು. ಔಷಧದ ಮಾರಾಟ ಬೆಳೆಯಿತು, 1890ರಲ್ಲಿ ಕುಷ್ಠರೋಗಿಗಳ ಆಶ್ರಯವೂ ಬಂತು. ಇವತ್ತು ಅಲ್ಲಿ ದೊಡ್ಡ ವೈದ್ಯಕೀಯ ಕಾಲೇಜು ಇದೆ.

ನಿಮ್ಮದು ಅಷ್ಟು ದೊಡ್ಡ ಯೋಚನೆ ಇರಲಿಕ್ಕಿಲ್ಲ. ಹಾಲ್ ಬಾಡಿಗೆಗೆ ಕೊಡುವುದು, ಕಾಂಪೌಂಡಿನಲ್ಲಿ ಎರಡು ಅಂಗಡಿ ಕಟ್ಟುವುದು, ಸ್ತ್ರೀಯರ ಕೂಟದವರು ಉಪ್ಪಿನಕಾಯಿ ಕೇಕು ಮಾರುವುದು ಸಾಮಾನ್ಯ. ಬಾಡಿಗೆಯ ದೊಡ್ಡ ಲಾಭ ಏನೆಂದರೆ ಅದು ತಿಂಗಳು ತಿಂಗಳು ಬರುತ್ತದೆ, ಯಾರ ಮುಲಾಜೂ ಇಲ್ಲ. ಸಂಬಳದಂಥ ಖರ್ಚಿಗೆ ಇದಕ್ಕಿಂತ ಗಟ್ಟಿ ದಾರಿ ಇನ್ನೊಂದಿಲ್ಲ. ಊರಿನವರಿಗೂ ಉಪಯೋಗ, ಮದುವೆ ನಾಮಕರಣಕ್ಕೆ ಕಡಿಮೆ ಬೆಲೆಯ ಹಾಲ್ ಸಿಕ್ಕಂತಾಯಿತು.

ತೆರಿಗೆ ವಿಷಯ ಮಾತ್ರ ಗಮನದಲ್ಲಿರಲಿ. ನೋಂದಾಯಿತ ಧಾರ್ಮಿಕ ಟ್ರಸ್ಟ್ ತನ್ನ ಆರಾಧನಾ ಸ್ಥಳದ ಆವರಣದ ಹಾಲನ್ನು ದಿನಕ್ಕೆ ₹10,000ಕ್ಕಿಂತ ಕಡಿಮೆಗೆ ಬಾಡಿಗೆ ಕೊಟ್ಟರೆ ಜಿಎಸ್‌ಟಿ ವಿನಾಯಿತಿ ಇದೆ. ಹತ್ತು ಸಾವಿರ ಮುಟ್ಟಿದರೆ ಇಲ್ಲ. ಅಂಗಡಿಗೆ ತಿಂಗಳಿಗೆ ₹10,000, ಕೋಣೆಗೆ ದಿನಕ್ಕೆ ₹1,000 ಇದೇ ಥರದ ಗಡಿ. ಕಟ್ಟುವ ಮೊದಲೇ ಆಡಿಟರ್ ಹತ್ತಿರ ಕೂತು ಮಾತನಾಡಿ. ಜಾಗ ಬಿಷಪ್ಪರ ಆಡಳಿತದ ಧರ್ಮಪ್ರಾಂತ್ಯದ ಅಥವಾ ಡಯಾಸಿಸ್‌ನ ಹೆಸರಿನಲ್ಲಿ ಇದ್ದರೆ ಅವರ ಒಪ್ಪಿಗೆ ಇಲ್ಲದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಚರ್ಚ್ ಆಸ್ತಿಯ ಜಗಳ ಕೋರ್ಟಿಗೆ ಹೋದರೆ ಏನಾಗುತ್ತದೆ ಎಂದು ನಿಮಗೇ ಗೊತ್ತು.

ನನಗಿರುವ ಅನುಮಾನ ಬೇರೆ. ಹಾಲಿನಿಂದ ಚೆನ್ನಾಗಿ ದುಡ್ಡು ಬರತೊಡಗಿದ ಮೇಲೆ ಶನಿವಾರ ಸಂಜೆಯ ಪಾಠಕ್ಕೆ ಹಾಲೇ ಸಿಗುವುದಿಲ್ಲ, ರಿಸೆಪ್ಷನ್ ಬುಕ್ ಆಗಿರುತ್ತದೆ! ಹಾಗಾಗಿ ವಾರದಲ್ಲಿ ಯಾವ ಹೊತ್ತು ಸೇವೆಗೆ ಮೀಸಲು, ಬಾಡಿಗೆಯಲ್ಲಿ ಎಷ್ಟು ಪಾಲು ಸೇವೆಗೆ ಎಂದು ಮೊದಲ ದಿನವೇ ಬರೆದಿಡಿ.

ಪರದೇಶದಲ್ಲಿರುವ ಊರಿನವರು

ಮಂಗಳೂರು, ಉಡುಪಿ ಕಡೆಯ ಸಭೆಗಳಿಗೆ ಇದು ಮೊದಲು ನೆನಪಾಗುವ ದಾರಿ. ಕುವೈತ್, ದುಬೈ, ಮಸ್ಕತ್‌ನಲ್ಲಿ ಇರುವವರಿಗೆ ಊರಿನ ಮೇಲೆ ಪ್ರೀತಿ ಇದೆ, ಕೇಳಿದರೆ ಕೊಡುತ್ತಾರೆ. ಆದರೆ ಕಾನೂನಿನ ಮಟ್ಟಿಗೆ ಜಾಸ್ತಿ ಎಡವುವುದೂ ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಗಲ್ಫಿನಲ್ಲಿರುವ ನಮ್ಮವರು ಬಹುಪಾಲು ಈ ಗುಂಪಿಗೆ ಸೇರುತ್ತಾರೆ. ಅವರ ಪಾಸ್‌ಪೋರ್ಟ್ ಪ್ರತಿ ಒಂದನ್ನು ಫೈಲಿನಲ್ಲಿ ಇಟ್ಟುಕೊಳ್ಳಿ. ಅಮೆರಿಕ, ಬ್ರಿಟನ್, ಕೆನಡಾದ ಪೌರತ್ವ ತೆಗೆದುಕೊಂಡವರ ಕತೆ ಬೇರೆ. ಭಾರತ ಮೂಲದ ವಿದೇಶಿ ಪೌರರಿಗೆ ಸಿಗುವ ಓಸಿಐ ಕಾರ್ಡ್ ಇದ್ದರೂ, ಕನ್ನಡ ಕೊಂಕಣಿ ಮಾತನಾಡಿದರೂ, ಕಾನೂನಿನ ಕಣ್ಣಿಗೆ ಅವರು ವಿದೇಶಿ ಮೂಲವೇ. ಅವರಿಂದ ಹಣ ತೆಗೆದುಕೊಳ್ಳಬೇಕಾದರೆ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿ ಬೇಕು, ಇಲ್ಲವೇ ಮುಂಚಿತ ಅನುಮತಿ ಬೇಕು. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ತನ್ನ ಮುಖ್ಯ ಕೆಲಸಕ್ಕೆ ₹15 ಲಕ್ಷ ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತದ ಖರ್ಚು 20% ದಾಟಬಾರದು. ಇನ್ನೊಂದು ಸಂಸ್ಥೆಗೆ ಆ ಹಣ ವರ್ಗಾಯಿಸುವಂತಿಲ್ಲ. ಅಂದರೆ ಎಫ್‌ಸಿಆರ್‌ಎ ಇರುವ ದೊಡ್ಡ ಸಂಸ್ಥೆಯೊಂದು ತೆಗೆದುಕೊಂಡು ನಿಮ್ಮ ಸಭೆಗೆ ದಾಟಿಸುವ ಹಳೆಯ ರೂಢಿ ಈಗ ನಡೆಯುವುದಿಲ್ಲ. "ನನ್ನ ತಮ್ಮನ ಖಾತೆಗೆ ಹಾಕಿಸಿ ಕ್ಯಾಶ್ ಕೊಡ್ತೀನಿ" ಅನ್ನುವವರಿಗೆ ಕೈಮುಗಿದು ಬೇಡ ಅನ್ನಿ.

ಇಷ್ಟೆಲ್ಲ ನೋಡಿದರೆ ಸಣ್ಣ ಸಭೆಗೆ ನನ್ನ ಸಲಹೆ ಸರಳ: ಎಫ್‌ಸಿಆರ್‌ಎ ಬೆನ್ನು ಹತ್ತಬೇಡಿ, ಭಾರತದ ಪೌರರಾದ ಊರಿನವರನ್ನು ಮಾತ್ರ ಕೇಳಿ. ಅವರು ತಿರುಗಿ ಬಯಸುವುದು ಸುದ್ದಿ. ಮೂರು ತಿಂಗಳಿಗೊಮ್ಮೆ ಒಂದು ಫೋಟೊ, ನಾಲ್ಕು ಸಾಲಿನ ಲೆಕ್ಕ. ಅದು ತಪ್ಪಿದರೆ ಮುಂದಿನ ಸಲ ಫೋನ್ ಎತ್ತುವುದಿಲ್ಲ. ಗಲ್ಫಿನ ಕೆಲಸ ಯಾವಾಗ ಹೋಗುತ್ತದೆ ಎಂದು ಹೇಳಲಾಗದು, ಆದ್ದರಿಂದ ಒಬ್ಬರ ದೊಡ್ಡ ಮೊತ್ತಕ್ಕಿಂತ ಹದಿನೈದು ಜನರ ಸಣ್ಣ ಮೊತ್ತ ವಾಸಿ.

ಹಳೆ ವಿದ್ಯಾರ್ಥಿಗಳೂ ಇದೇ ಸಾಲಿಗೆ ಬರುತ್ತಾರೆ. ಸಭೆಗೆ ಸೇರಿದ ಹಳೆಯ ಶಾಲೆ ಇದ್ದರೆ ಅಲ್ಲಿ ಓದಿದವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಆ ಶಾಲೆಯ ಹೆಸರಿನಲ್ಲಿ ಕೇಳಿದರೆ ಬರುವ ಉತ್ತರ ಸಭೆಯ ಹೆಸರಿನಲ್ಲಿ ಕೇಳಿದರೆ ಬರುವುದಿಲ್ಲ.

ಕಂಪನಿಗಳ ಸಿಎಸ್‌ಆರ್

ಇದರ ಬಗ್ಗೆ ಆಸೆ ಜಾಸ್ತಿ, ಅರಿವು ಕಡಿಮೆ. 2013ರ ಕಂಪನಿ ಕಾಯ್ದೆಯ ಪ್ರಕಾರ ₹500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ ₹1,000 ಕೋಟಿ ವಹಿವಾಟು, ಇಲ್ಲವೇ ₹5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜದ ಕೆಲಸಕ್ಕೆ ಕೊಡಬೇಕು. ಬೆಂಗಳೂರಿನಲ್ಲಿ ಅಂಥ ಕಂಪನಿಗಳಿಗೆ ಕೊರತೆ ಇಲ್ಲ. ಆದರೆ ಹಣ ಪಡೆಯುವ ಟ್ರಸ್ಟ್ ಅಥವಾ ಸೊಸೈಟಿಗೆ ಆದಾಯ ತೆರಿಗೆ ಇಲಾಖೆಯ, ಜನ 12ಎ ಮತ್ತು 80ಜಿ ಎಂದು ಕರೆಯುವ, ಎರಡು ನೋಂದಣಿ ಇರಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಇರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಫಾರಂ ತುಂಬಿ ನಂಬರ್ ಪಡೆದಿರಬೇಕು. ಧಾರ್ಮಿಕ ಕೆಲಸಕ್ಕೆ ಈ ಹಣ ಇಲ್ಲ.

ಜನರ ಬಾಯಲ್ಲಿ 80ಜಿ ಎಂದೇ ಇರುವ, ದಾನಿಗೆ ಸಿಗುವ ತೆರಿಗೆ ರಿಯಾಯಿತಿಯ ಬಗ್ಗೆಯೂ ಇಲ್ಲೇ ಒಂದು ಮಾತು. ಬರೀ ಆರಾಧನೆಗೆ, ಒಂದೇ ಧರ್ಮದವರಿಗೆ ಎಂದು ಇರುವ ಟ್ರಸ್ಟಿಗೆ ಆ ನೋಂದಣಿ ಸಾಮಾನ್ಯವಾಗಿ ಸಿಗುವುದಿಲ್ಲ. ಎಲ್ಲರಿಗೂ ಸೇವೆ ಮಾಡುವ ಪ್ರತ್ಯೇಕ ಟ್ರಸ್ಟ್ ಬೇಕು, ಅದು ತನ್ನ ಆದಾಯದ 5%ಗಿಂತ ಜಾಸ್ತಿ ಧಾರ್ಮಿಕ ಕೆಲಸಕ್ಕೆ ಖರ್ಚು ಮಾಡುವಂತಿಲ್ಲ. ₹2,000ಕ್ಕಿಂತ ಹೆಚ್ಚಿನ ನಗದು ದಾನಕ್ಕೆ ರಿಯಾಯಿತಿ ಇಲ್ಲ, ಅಕ್ಕಿ ಬಟ್ಟೆ ಕೊಟ್ಟರೂ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ದಾನಿಗಂತೂ ಅದರಿಂದ ಉಪಯೋಗವೇ ಇಲ್ಲ. ಹಾಗಾಗಿ 80ಜಿ ಇದ್ದರೆ ದಾನ ಸುರಿಯುತ್ತದೆ ಎಂಬ ಮಾತನ್ನು ಅಷ್ಟಾಗಿ ನಂಬಬೇಡಿ.

ಸಿಎಸ್‌ಆರ್ ಕೊಡುವವರು ಏನು ಕೇಳುತ್ತಾರೆ? ಪ್ರಸ್ತಾವನೆ, ಬಜೆಟ್, ಆಡಿಟ್, ವರದಿ, ಗೋಡೆಯ ಮೇಲೆ ಲೋಗೊ. ಅವರ ವರ್ಷ ಮಾರ್ಚ್‌ಗೆ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಅವರ ಗಮನ ಬೇರೆ ಜಿಲ್ಲೆಯ ಕಡೆ ಹೋದರೆ ನಿಮ್ಮ ಶಿಕ್ಷಕರ ಸಂಬಳ ಗಾಳಿಯಲ್ಲಿ. ತಿಂಗಳಿಗೆ ಹನ್ನೆರಡು ಸಾವಿರದ ಪಾಠಕ್ಕೆ ಸಿಎಸ್‌ಆರ್ ಕೇಳಲು ಹೋಗುವುದು ಇಲಿ ಹಿಡಿಯಲು ಬೆಟ್ಟ ಅಗೆದಂತೆ. ಡಯಾಲಿಸಿಸ್ ಯಂತ್ರ, ಆಂಬುಲೆನ್ಸ್, ಶಾಲೆಗೆ ಶೌಚಾಲಯ, ಇಂಥದ್ದಾದರೆ, ಅದೂ ನಗರದ ದೊಡ್ಡ ಸಭೆಯಾದರೆ, ಶ್ರಮಕ್ಕೆ ತಕ್ಕ ಫಲ ಇದೆ.

ಚಿಕ್ಕವರಿಗೆ ಇದರ ಬದಲು ಊರಿನ ಅಂಗಡಿಯವರು ಸಾಕು. ಹಾರ್ಡ್‌ವೇರ್ ಅಂಗಡಿಯವರು ಎರಡು ಡಬ್ಬ ಬಣ್ಣ ಕೊಡುತ್ತಾರೆ, ಮೆಡಿಕಲ್ ಸ್ಟೋರ್‌ನವರು ಅಸಲು ಬೆಲೆಗೆ ಡೈಪರ್ ಕೊಡುತ್ತಾರೆ. ರೋಟರಿ, ಲಯನ್ಸ್ ಕ್ಲಬ್ಬಿನವರನ್ನೂ ಕೇಳಬಹುದು, ಕಣ್ಣಿನ ಶಿಬಿರಕ್ಕೆ ಅವರಿಗೆ ಜಾಗ ಬೇಕಿರುತ್ತದೆ, ನಿಮ್ಮ ಹತ್ತಿರ ಜಾಗ ಇದೆ.

ಆನ್‌ಲೈನ್ ಸಂಗ್ರಹ

ಮಿಲಾಪ್, ಕೆಟ್ಟೊ ಥರದ ತಾಣಗಳು ಒಬ್ಬ ವ್ಯಕ್ತಿಯ ಕಷ್ಟಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ಮಗುವಿನ ಆಪರೇಷನ್, ಮನೆ ಸುಟ್ಟುಹೋದ ಕುಟುಂಬ. ಬೇಗ ಹಣ ಬರುತ್ತದೆ, ಆಸ್ಪತ್ರೆಗೇ ನೇರವಾಗಿ ಕಳುಹಿಸುವ ದಾರಿಯೂ ಇದೆ. "ನಮ್ಮ ಸಭೆಯ ಸೇವೆಗೆ ಸಹಾಯ ಮಾಡಿ" ಎಂಬ ಮನವಿಗೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮಗುವಿನ ಫೋಟೊ ಹಾಕುವ ಮುಂಚೆ ತಂದೆತಾಯಿಯ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಯುಪಿಐ ಕ್ಯೂಆರ್ ಕೋಡ್ ಸಂಸ್ಥೆಯ ಖಾತೆಯದ್ದೇ ಆಗಿರಲಿ, ಕಾರ್ಯದರ್ಶಿಯ ಫೋನಿನದ್ದು ಬೇಡ. ಎಷ್ಟೋ ಜಗಳ ಇಲ್ಲಿಂದಲೇ ಶುರುವಾಗುವುದು.

ಹಾಗಾದರೆ ನಿಮಗೆ ಯಾವುದು?

ನಿಮ್ಮದು ಮೂವತ್ತು ನಲವತ್ತು ಮನೆಯ ಸಭೆ, ಟ್ರಸ್ಟ್ ಇಲ್ಲ, ಆಡಿಟರ್ ಇಲ್ಲ ಎಂದಾದರೆ ಸಭೆಯವರ ನೂರು ರೂಪಾಯಿ ಮತ್ತು ನೆರೆಹೊರೆಯವರ ತಿಂಡಿ, ಸಮಯ ಇಷ್ಟರಲ್ಲೇ ಆಗುವ ಕೆಲಸ ಆರಿಸಿಕೊಳ್ಳಿ. ನಮ್ಮ ಉದಾಹರಣೆಯ ಪಾಠ ಅಷ್ಟರಲ್ಲೇ ನಡೆಯುತ್ತದೆ. ನಾಲ್ಕು ಸಾವಿರ ಕಾಣಿಕೆಯಲ್ಲಿ ಶಿಕ್ಷಕರಿಗೆ ಅರ್ಧ ಸಂಬಳದ ಮೂರು ಸಾವಿರ ಹೋಗಿ ಪುಸ್ತಕಕ್ಕೂ ಉಳಿಯುತ್ತದೆ. ಸುಗ್ಗಿ ಹಬ್ಬದ ಹಣವನ್ನು ಆಪತ್ತಿಗೆ ಎಂದು ಎತ್ತಿಡಿ. ಹೊಸ ಸಭೆಯಾಗಿದ್ದು ಊರಿನಲ್ಲಿ ಇನ್ನೂ ಪರಿಚಯವೇ ಇಲ್ಲ ಅಂದರೆ ಹಣ ಕೇಳುವುದನ್ನು ಒಂದು ವರ್ಷ ಪಕ್ಕಕ್ಕಿಡಿ. ರಕ್ತದಾನ ಶಿಬಿರಕ್ಕೆ ಜಾಗ ಕೊಡಿ, ಬೇರೆಯವರು ಮಾಡುವ ಒಳ್ಳೆಯ ಕೆಲಸಕ್ಕೆ ನಿಮ್ಮ ಹುಡುಗರನ್ನು ಕಳುಹಿಸಿ.

ತಾಲ್ಲೂಕು ಕೇಂದ್ರದ ಹಳೆಯ ಸಭೆ, ಜಾಗ ಇದೆ, ಹಾಲ್ ಇದೆ, ದುಡಿಯುವ ಕೈ ಕಡಿಮೆ: ಬಾಡಿಗೆಯನ್ನು ಬೆನ್ನೆಲುಬು ಮಾಡಿಕೊಳ್ಳಿ, ಅದರಿಂದ ಒಬ್ಬ ಸಂಯೋಜಕರನ್ನು ನೇಮಿಸಿ, ಸ್ವಯಂಸೇವಕರನ್ನು ಅವರು ಸೇರಿಸಲಿ. ಕರಾವಳಿಯ ಧರ್ಮಕೇಂದ್ರಗಳಿಗೆ ಪರದೇಶದ ಊರಿನವರು ಮತ್ತು ವಾಳೆಯ (ಧರ್ಮಕೇಂದ್ರದ ಒಂದೊಂದು ಕೇರಿ ಗುಂಪಿನ) ಜನ ಸೇರಿದರೆ ಸಾಕಷ್ಟಾಯಿತು. ಒಂದೊಂದು ವಾಳೆಗೆ ಒಂದೊಂದು ಕೆಲಸ ಹಂಚಿದರೆ ಪೈಪೋಟಿಯೂ ಹುಟ್ಟುತ್ತದೆ, ಸ್ವಲ್ಪ ಪೈಪೋಟಿ ಒಳ್ಳೆಯದೇ. ಕೆಥೋಲಿಕ್ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದ್ದರೆ ಹೊಸ ಸಮಿತಿ ಕಟ್ಟಬೇಡಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಈ ಸಂಘದವರಿಗೆ ಬಡವರ ಮನೆಗೆ ಹೋಗಿ ಬರುವುದೇ ಕೆಲಸ, ಯಾರಿಗೆ ಏನು ಬೇಕು ಎಂದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಬೆಂಗಳೂರಿನ ದೊಡ್ಡ ಸಭೆಗಳಿಗೆ ಸಿಎಸ್‌ಆರ್ ಸಾಧ್ಯ, ಅವರಲ್ಲಿ ಸಿಎ ಓದಿದವರೂ ವಕೀಲರೂ ಇರುತ್ತಾರೆ. ಟ್ರಸ್ಟ್ ಇವತ್ತು ಮಾಡಿ, ಮೂರು ವರ್ಷ ಸಣ್ಣದಾಗಿ ಕೆಲಸ ನಡೆಸಿ, ಆಮೇಲೆ ಕಂಪನಿಯ ಬಾಗಿಲು ತಟ್ಟಿ. ಸಿಎಸ್‌ಆರ್‌ನಿಂದ ಯಂತ್ರ, ಕಟ್ಟಡ ತೆಗೆದುಕೊಳ್ಳಿ, ಸಂಬಳಕ್ಕೆ ಮಾತ್ರ ಸ್ವಂತ ಹಣ ಇರಲಿ. ಒಂದೇ ಮೂಲದಿಂದ ಅರ್ಧಕ್ಕಿಂತ ಹೆಚ್ಚು ಬರುತ್ತಿದ್ದರೆ ಎಚ್ಚರವಾಗಿರಿ, ಆ ಮೂಲ ಒಳ್ಳೆಯದಾಗಿದ್ದರೂ ಸರಿಯೇ.

ಯಾವ ದಾರಿ ಹಿಡಿದರೂ ತಿಂಗಳ ಲೆಕ್ಕವನ್ನು ಸಭೆಯ ಒಳಗಿನ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಸಾಲದು, ಗೇಟಿನ ಹತ್ತಿರ ರಸ್ತೆಯಲ್ಲಿ ಹೋಗುವವರಿಗೂ ಕಾಣುವ ಹಾಗೆ ಹಾಕಿ. ಬಾಳೆಹಣ್ಣು ಕೊಟ್ಟವರ ಹೆಸರೂ ಅದರಲ್ಲಿರಲಿ, ಅವರು ಬೇಡ ಅಂದರೆ ಬಿಡಿ.

ಇನ್ನು ಚುನಾವಣೆ ಹತ್ತಿರ ಬಂದಾಗ ಯಾರೋ ಒಬ್ಬರು ಕಾರಿನಲ್ಲಿ ಬಂದು "ಫಾದರ್, ನಿಮ್ಮ ಹಾಲಿಗೆ ಟೈಲ್ಸ್ ನಾನು ಹಾಕಿಸ್ತೀನಿ" ಅನ್ನುತ್ತಾರಲ್ಲ, ಅವರ ಬಗ್ಗೆಯೂ ಇಬ್ಬರು ಕೇಳಿದ್ದೀರಿ. ಎರಡನೆಯ ಪ್ರಶ್ನೆಯನ್ನು ಅವರಿಗೂ ಹಾಕಿ: ತಿರುಗಿ ಏನು ಕೇಳುತ್ತಾರೆ? ಚಹಾ ಕುಡಿಸಿ, ಫಲಿತಾಂಶ ಬಂದ ಮೇಲೆ ಬನ್ನಿ, ಆಗ ರಸೀದಿ ಕೊಟ್ಟು ತೆಗೆದುಕೊಳ್ಳುತ್ತೇವೆ ಎಂದು ಹೇಳಿ ಕಳುಹಿಸಿ.